ಮುಂದಾಳು ಟಗರಿಗೆ, ಸದ್ದಿಲ್ಲದ ಪಿಕಪ್ಪಿನ ಕುರಿತು

ಆದಿವಾಲದ ಹಟ್ಟಿಯಲ್ಲಿ ನಮ್ಮ ಮಂದೆಯನ್ನು ಮುನ್ನಡೆಸುತ್ತಿರುವ ಸುರುಳಿಗೊಂಬಿನ ಟಗರು ಶ್ರೀ ಕೆಂಚರಾಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ನಾಲ್ಕೂ ಗೊರಸುಗಳಿಗೆ ನಮಸ್ಕಾರಗಳು. ತಾವು ಬೆಳಗಿನ ಹುರುಳಿ ಹೊಟ್ಟು ಮುಗಿಸಿ ಮೆಲುಕಿನ ನೆಮ್ಮದಿಯಲ್ಲಿರುವಿರೆಂದು ನಂಬಿ, ಊರೆಲ್ಲ ಓದಲೆಂದು ಹಾಲಿನ ಡೇರಿಯ ಗೋಡೆಗೆ ಈ ಪತ್ರವನ್ನು ಅಂಟಿಸುತ್ತಿದ್ದೇನೆ.

ಡೀಸೆಲ್ ಯುಗ ಮುಗಿಯಿತೆಂದು ಸಾರುವ ಕರಪತ್ರಗಳನ್ನು ನಾನು ಊಟದ ಹೊತ್ತಿನಲ್ಲೆಲ್ಲ ಓದಿ ಹೇಳಿ, ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿರುವಾಗ ನಾವೇಕೆ ಬಂಕಿನ ಮುಂದೆ ನಿಲ್ಲಬೇಕೆಂದು ಕೇಳಿ ಕೇಳಿ, ಕಡೆಗೆ ದೊಡ್ಡಪ್ಪ ಕಾಟಯ್ಯನವರು ನೆಮ್ಮದಿಯಾಗಿ ಮುದ್ದೆ ನುಂಗುವ ಆಸೆಯಿಂದಲೇ ಕರೆಂಟಿನ ಪಿಕಪ್ ತಂದದ್ದು ತಮಗೆ ತಿಳಿದಿದೆ. ಅವರ ಮಗ ಗಿರೀಶಣ್ಣ ಅದನ್ನು ‘ಮಿಕ್ಸಿ ಗಾಡಿ’ ಎಂದು ಹಂಗಿಸಿ ಮುಟ್ಟಲೊಲ್ಲದ ಕಾರಣ ಸ್ಟೀರಿಂಗ್ ನನ್ನ ಕೈಗೆ ಬಂತು. ನಮ್ಮ ಹಟ್ಟಿಯಲ್ಲಿ ಹೆಣ್ಣುಮಗಳೊಬ್ಬಳ ಕೈಗೆ ಸಿಕ್ಕಿದ ಮೊದಲ ಸ್ಟೀರಿಂಗ್ ಅದು.

ತಾವು ಹತ್ತದ ಗಾಡಿಯನ್ನು ಒಂದು ಕುರಿಮರಿಯೂ ಹತ್ತುವುದಿಲ್ಲ. ಹಳೆಯ ಡೀಸೆಲ್ ಗಾಡಿ ಗಡಗಡ ನಡುಗಿದೊಡನೆ ಮದುಮಗನಂತೆ ಹಲಗೆಯೇರುತ್ತಿದ್ದ ತಾವು, ಹೊಸದರ ಹಲಗೆಗೆ ಮುಂಗಾಲಿಟ್ಟು, ಕಿವಿ ನಿಮಿರಿಸಿ ಕೇಳಿ, ಇದು ಸತ್ತ ಗಾಡಿಯೆಂದು ತೀರ್ಪಿತ್ತು ಇಳಿದುಬಿಟ್ಟಿರಿ. ಇಷ್ಟು ಶ್ರದ್ಧೆಯಿಂದ ವಾಹನ ತಪಾಸಣೆ ಮಾಡುವವರು ನಾಡಿನ ಯಾವ ಇಲಾಖೆಯಲ್ಲೂ ಇರಲಾರರು. ಆದರೆ ದೊಡ್ಡಪ್ಪ ತಮ್ಮ ತೀರ್ಪನ್ನೇ ಎತ್ತಿ ಹಿಡಿದರು: "ಟಗರೇ ನಂಬದ ಗಾಡಿ ನಾ ಹೆಂಗೆ ನಂಬ್ಲವ್ವ? ಈ ಸಲ ಕುರಿ ಹಿರಿಯೂರು ಸಂತೆ ಮುಟ್ಟಿದ್ರೆ ಇರ್ಲಿ. ಇಲ್ಲಾಂದ್ರೆ ವಾಪಸ್ ಕೊಟ್ಟು ಡೀಸೆಲ್ದೇ ತರಾಣ, ಗಿರೀಶ ಓಡಿಸ್ಲಿ."

ಮಾನ್ಯರೇ, ಸ್ಟೀರಿಂಗ್ ಉಳಿಸಿಕೊಳ್ಳಲು ನಾನು ನನ್ನ ಸಿದ್ಧಾಂತವನ್ನೇ ಮಾರಿಕೊಂಡೆ. ಪಕ್ಕದ ಹಟ್ಟಿಯ ಡೀಸೆಲ್ ಟೆಂಪೋದ ಗಡಗಡವನ್ನು ಮೊಬೈಲಿಗೆ ತುಂಬಿಕೊಂಡು ಬಂದು, ಹೊಗೆಯಿಲ್ಲದ ನನ್ನ ಗಾಡಿಯೊಳಗೆ ಜೋರಾಗಿ ಹಾಕಿದೆ. ತಾವು ಹಳೆಯ ನೆಂಟರು ಬಂದರೆಂಬಂತೆ ಹಿಗ್ಗಿ ಹತ್ತಿದಿರಿ. ಅಷ್ಟರಲ್ಲಿ ಯಾವುದೋ ಸಾಲದ ಕಂಪನಿಯ ಕರೆ ಬಂದು ಸದ್ದು ನಿಂತಿತು, ಮಿಕ್ಕ ಕುರಿಗಳೂ ನಿಂತವು. ಗಿರೀಶಣ್ಣ ನಕ್ಕದ್ದಕ್ಕೆ ನಾನು ಸಿಟ್ಟಿನಿಂದ ಗಾಡಿ ಬಿಟ್ಟೆ. ಹಿಂದೆ ತಮ್ಮ ಕೊರಳ ಗಂಟೆ ಆಡಿತು. ಡೀಸೆಲ್ ಗಾಡಿಯಲ್ಲಿ ಯಾರ ಕಿವಿಗೂ ಬೀಳದಿದ್ದ ಆ ಗಂಟೆ ಸದ್ದಿಲ್ಲದ ಗಾಡಿಯಿಂದ ಇಡೀ ಮಂದೆಗೆ ಕೇಳಿ, ಸಂತೆಗೆಂದು ಆರಿಸಿದ್ದ ಕುರಿಗಳೆಲ್ಲ ಗಾಡಿಯ ಬೆನ್ನು ಹತ್ತಿದವು, ಕುರಿಗಳ ಬೆನ್ನಿಗೆ ಕೋಲು ಹಿಡಿದ ದೊಡ್ಡಪ್ಪ. ಹಿರಿಯೂರಿನವರೆಗೂ ಹೀಗೇ ಸಾಗಿದೆವು. ಟನ್ನುಗಟ್ಟಲೆ ಹೊರುವ ಪಿಕಪ್ಪಿನಲ್ಲಿ ತಾವೊಬ್ಬರೇ ದೊರೆಯಂತೆ ನಿಂತಿದ್ದಿರಿ. ಬ್ಯಾಟರಿಗೆ ತಾನು ಕೆಲಸಕ್ಕೆ ಬಂದಿದ್ದೇನೆಂದೇ ಗೊತ್ತಾಗಿರಲಾರದು. ಬಸ್ಸಿನವರು ಇಳಿದು ಫೋಟೋ ತೆಗೆದರು. ದಿನದ ದುಡಿಮೆಗೆ ಇಂಥ ಗಾಡಿ ಆದೀತೇ ಎಂದು ಕೇಳುವವರಿಗೆ ತೋರಿಸಲೆಂದು ನಾನು ಕರಪತ್ರ ಜೇಬಿನಲ್ಲಿಟ್ಟುಕೊಂಡಿದ್ದೆ, ಯಾರೂ ಕೇಳಲಿಲ್ಲ.

ಕುರಿಗಳು ಒಂದನ್ನೊಂದು ತುಳಿಯದೆ, ಹೊಗೆಗೆ ಕಣ್ಣು ಕೆಂಪಾಗದೆ ಸಂತೆ ಮುಟ್ಟಿ ಬಿಸಿಲೇರುವ ಮುನ್ನವೇ ಬಿಕರಿಯಾದವು. ಬರುವಾಗ, ಗಾಡಿಯಿಂದ ಇಳಿಯದೇ ನಿಂತಿದ್ದ ತಮ್ಮ ಜೊತೆಗೆ ಹಿಂಡಿಯ ಮೂಟೆಗಳನ್ನು ತುಂಬಿದೆ. ಅವಕ್ಕೆ ತಮ್ಮಷ್ಟು ಬಿಂಕವಿಲ್ಲದ ಕಾರಣ ಗಾಡಿ ದಿಣ್ಣೆಯನ್ನೂ ಉಸ್ಸೆನ್ನದೆ ಏರಿತು, ಪಕ್ಕದಲ್ಲಿ ದೊಡ್ಡಪ್ಪ ಗೊರಕೆ ಹೊಡೆದರು. ಹಟ್ಟಿ ಮುಟ್ಟಿದಾಗ ಗಿರೀಶಣ್ಣ ‘ಮಿಕ್ಸಿ’ ಎಂದು ಹಂಗಿಸಿದ್ದನ್ನು ಮರೆತು ಕೀ ಕೊಡೆಂದು ಕೈ ಚಾಚಿದ. ದೊಡ್ಡಪ್ಪ ನಿದ್ದೆಗಣ್ಣು ಉಜ್ಜಿಕೊಂಡು, "ಅವಳತ್ರನೇ ಇರ್ಲಿ ಬಿಡಲೇ. ನಿಂದು ಸದ್ದು ಜಾಸ್ತಿ" ಎಂದರು.

ಆದರೂ ದೂರು ದೂರೇ. ಮುಂದಿನ ಸಂತೆ ಹೊಸದುರ್ಗದ್ದು, ನಡೆಸಿಕೊಂಡು ಹೋಗುವ ದೂರವಲ್ಲ. ಆದ್ದರಿಂದ ತಾವು ಜಿಲ್ಲೆಯ ಸಮಸ್ತ ಟಗರುಗಳ ಸಭೆ ಕರೆದು, ಸದ್ದಿಲ್ಲದ್ದೆಲ್ಲ ಸತ್ತದ್ದಲ್ಲವೆಂದು ನಿರ್ಣಯ ಅಂಗೀಕರಿಸಬೇಕು. ಗಡಗಡವಿಲ್ಲದೆ ಆಗುವುದೇ ಇಲ್ಲವೆಂದಾದರೆ ಅದನ್ನು ತಮ್ಮ ಗಂಟಲಲ್ಲೇ ಹೊರಡಿಸಿಕೊಂಡು ಸಪರಿವಾರ ಹತ್ತಬೇಕೆಂದು ಕೋರುವ,

ತಮ್ಮ ವಿಶ್ವಾಸಿ ಹಾಗೂ ಸಾರಥಿ,
ಕೀರ್ತನಾ

ತಾ.ಕ.: ಸಂತೆಯಲ್ಲಿ ಈರಬಸಪ್ಪ ಎಂಬ ಮಾಂಸದ ವ್ಯಾಪಾರಿ ತಮ್ಮ ಬೆನ್ನು ಸವರಿ ಬೆಲೆ ಕೇಳಿದರು. ಮಾರುವುದಿಲ್ಲವೆಂದು ದೊಡ್ಡಪ್ಪ ಹೇಳಿದರು. ನಾನು ಆ ವ್ಯಾಪಾರಿಯ ಫೋನ್ ನಂಬರ್ ಬರೆದುಕೊಂಡೆ.