ದೊಡ್ಡಪ್ಪನ ರೆಸಿಸ್ಟನ್ಸ್ ಪವರ್

ರಕ್ತ, ಕಫ, ಕೀವು ಪರೀಕ್ಷಿಸುವ ಕೆಲಸದಲ್ಲಿ ನಗಲು ಏನಿರುತ್ತದೆ ಎಂದು ಕೇಳುತ್ತಾರೆ. ಬೇಕಾದಷ್ಟಿದೆ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಹಾವೇರಿಯ ಒಂದು ಲ್ಯಾಬ್ ಸೇರಿದ ಮೇಲೆ ನಗುವ ಪ್ರಸಂಗಗಳು ನನಗೆ ತಪ್ಪಿಲ್ಲ. ಇಲ್ಲಿ ಹೇಳುವವೆಲ್ಲ ಬ್ಯಾಡಗಿಯ ನಮ್ಮ ದೊಡ್ಡಪ್ಪನವು. ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ತೂಕ ಮಾಡುತ್ತಿದ್ದರು. ಸಕ್ಕರೆ ಕಾಯಿಲೆ ಇತ್ತು. ಕೊನೆಯ ಪ್ರಸಂಗಕ್ಕೆ ಬರುವಷ್ಟರಲ್ಲಿ ಅವರ ಬಲಗಾಲು ಅಪಾಯದಲ್ಲಿರುತ್ತದೆ. ಮೊದಲೇ ಹೇಳಿದ್ದೇನೆ, ಅದನ್ನು ನೋಡಿಕೊಂಡು ನಗಬೇಕು.

ಘಾಟು

ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಕೆಮ್ಮದವರಿಲ್ಲ. ಬಸ್ಸಿನಿಂದ ಇಳಿಯುವವರೂ ಕೆಮ್ಮುತ್ತಾರೆ, ಹತ್ತುವವರೂ ಕೆಮ್ಮುತ್ತಾರೆ. ದೊಡ್ಡಪ್ಪ ಮಾತ್ರ ಕೆಮ್ಮು ಶುರುವಾದ ದಿನವೇ ದವಾಖಾನೆಗೆ ಹೋಗುತ್ತಿದ್ದರು. ಅಲ್ಲಿನ ವಯಸ್ಸಾದ ಡಾಕ್ಟರು ತಲೆ ಎತ್ತದೆ ಆಂಟಿಬಯೋಟಿಕ್ ಬರೆದು ಕೊಡುತ್ತಿದ್ದರು.

"ದೊಡ್ಡಪ್ಪ, ಇದು ಮೆಣಸಿನಕಾಯಿ ಘಾಟು. ಆ ಗುಳಿಗಿ ಇರೂದು ರೋಗದ ಹುಳ ಕೊಲ್ಲಾಕ. ಮೆಣಸಿನಕಾಯಿ ಅದಕ್ಕ ಸಾಯೂದಿಲ್ಲ" ಎಂದೆ.

"ಹೆಂಗ ಸಾಯೂದಿಲ್ಲ ಯವ್ವಾ? ವರ್ಷಾ ವರ್ಷಾ ತಗೋತೇನಿ. ಸುಗ್ಗಿ ಮುಗಿಯೂದ್ರಾಗ ಕೆಮ್ಮು ನಿಂತ ಬಿಡತೈತಿ."

ಬಿಸಿನೀರಿನ ಡಾಕ್ಟರ್

ಆ ಡಾಕ್ಟರು ನಿವೃತ್ತರಾಗಿ, ಅದೇ ದವಾಖಾನೆಗೆ ಹೊಸಬರು ಬಂದರು. ಚಿಕ್ಕ ವಯಸ್ಸು. ದೊಡ್ಡಪ್ಪನ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಗುಳಿಗಿ ಏನೂ ಬ್ಯಾಡ್ರಿ ಯಜಮಾನ್ರ. ಮೂಗಿಗೆ ಅರಿವಿ ಕಟ್ಕೊಂಡು ಕೆಲಸ ಮಾಡ್ರಿ. ಬಿಸಿನೀರು ಕುಡೀರಿ."

"ಬಿಸಿನೀರು ನಮ್ಮ ಮನ್ಯಾಗೂ ಕಾಸತಾರ್ರಿ" ಎಂದು ಎದ್ದರು ದೊಡ್ಡಪ್ಪ. "ನೀವು ಇಷ್ಟೆಲ್ಲಾ ಓದಿದ್ದು ಇದಕ್ಕೇನ್ರಿ?"

ಸಂಜೆಯೊಳಗೆ ಮಾರ್ಕೆಟ್‌ನಲ್ಲಿ ಅವರಿಗೆ 'ಬಿಸಿನೀರಿನ ಡಾಕ್ಟರ್' ಎಂದು ಹೆಸರಾಯಿತು. ಆ ಸುಗ್ಗಿಯಲ್ಲಿ ನಾನು ಲ್ಯಾಬಿಗೆ ಸ್ಯಾಂಪಲ್ ಒಯ್ಯಲು ಹೋದಾಗ ದವಾಖಾನೆಯ ಬೆಂಚುಗಳು ಖಾಲಿ. "ಕುಂದ್ರಿ, ಎಲ್ಲಿ ಬೇಕಾದ್ರೂ ಕುಂದ್ರಿ" ಎಂದರು ಡಾಕ್ಟರು.

ಮುಂದಿನ ಸುಗ್ಗಿಗೆ ಹೋದಾಗ ನಿಲ್ಲಲು ಜಾಗವಿರಲಿಲ್ಲ. ಡಾಕ್ಟರು ದೊಡ್ಡಪ್ಪನಿಗೆ ಹೇಳುತ್ತಿದ್ದರು: "ನಿಮಗ ರೆಸಿಸ್ಟನ್ಸ್ ಪವರ್ ಕಡಿಮಿ ಐತಿ. ಹೈ ಪವರ್ ಆಂಟಿಬಯೋಟಿಕ್ ಬರದೇನಿ, ತಗೋರಿ."

ದೊಡ್ಡಪ್ಪ ಹೋದ ಮೇಲೆ ನಾನು ಅವರ ಮುಖ ನೋಡಿದೆ.

"ಹಂಗ್ಯಾಕ ನೋಡ್ತೀರಿ? ಹೋದ ವರ್ಷ ರೋಗಿ ಉಳೀಲಿ ಅಂತ ಬರೀಲಿಲ್ಲ. ಈ ವರ್ಷ ಡಾಕ್ಟರ್ ಉಳೀಲಿ ಅಂತ ಬರಿಯಾಕತ್ತೇನಿ."

ಬಣ್ಣದ ಮಾಲು

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣದಿಂದ. ದೊಡ್ಡಪ್ಪ ಗುಳಿಗೆಗಳನ್ನೂ ಹಾಗೆಯೇ ಆರಿಸುತ್ತಿದ್ದರು. ಬಿಳಿ ಗುಳಿಗೆ ಕೊಟ್ಟರೆ "ಬಣ್ಣಿಲ್ಲದ ಮಾಲು" ಎಂದು ಪಕ್ಕಕ್ಕಿಡುವರು. ಕೆಂಪು ಕ್ಯಾಪ್ಸೂಲ್ ಆದರೆ ಅಂಗೈಯಲ್ಲಿ ಹೊರಳಿಸಿ ನೋಡಿ ನುಂಗುವರು. ಕೆಮ್ಮು ತುಸು ತಗ್ಗಿದರೆ ಉಳಿದವು ದೊಡ್ಡವ್ವನ ಡಬ್ಬಿ ಸೇರುತ್ತಿದ್ದವು. ಅಲ್ಲಿಂದ ಓಣಿಯವರ ಹಲ್ಲುನೋವಿಗೆ, ಭೇದಿಗೆ, ಒಮ್ಮೆ ಎಮ್ಮೆಗೆ ಹೋದವು.

ದೊಡ್ಡಪ್ಪನ ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಯಿತು. ನಾನು ಹೋದಾಗ ಒಂದು ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಗಾಯದ ಮೇಲೆ ಉದುರಿಸುತ್ತಿದ್ದರು.

"ದೊಡ್ಡಪ್ಪ, ಅದು ನುಂಗೂದು!"

"ಹೊಟ್ಟಿಗೆ ಹೋಗಿ ಅಲ್ಲಿಂದ ಕಾಲಿಗೆ ಯಾಕ ಬರಬೇಕು ಯವ್ವಾ? ಸೀದಾ ಇಲ್ಲೇ ಇಳಿಸಿದೆ."

ಪೇಡೆ

ಗಾಯ ಒಣಗಲಿಲ್ಲ. ಪಾದ ಕಪ್ಪಾಯಿತು. ಡಾಕ್ಟರು ಹೆದರಿ ಕೀವನ್ನು ನಮ್ಮ ಲ್ಯಾಬಿಗೆ ಕಳಿಸಿದರು. ಕೀವಿನಲ್ಲಿರುವ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಬೇರೆಬೇರೆ ಔಷಧದ ಬಿಲ್ಲೆಗಳನ್ನಿಡುತ್ತೇವೆ. ಕೊಲ್ಲುವ ಔಷಧವಾದರೆ ಬಿಲ್ಲೆಯ ಸುತ್ತ ಖಾಲಿ ವೃತ್ತ ಮೂಡುತ್ತದೆ. ದೊಡ್ಡಪ್ಪನ ತಟ್ಟೆಯಲ್ಲಿ ಒಂದೂ ವೃತ್ತ ಮೂಡಲಿಲ್ಲ. ಎಲ್ಲ ಔಷಧಗಳ ಮುಂದೆ 'ರೆಸಿಸ್ಟಂಟ್' ಎಂದು ಬರೆದೆ.

ನಾನು ಬ್ಯಾಡಗಿ ಮುಟ್ಟುವ ಮೊದಲೇ ರಿಪೋರ್ಟ್ ಅವರ ಮಗನ ಮೊಬೈಲಿಗೆ ಹೋಗಿತ್ತು. ಬಾಗಿಲಲ್ಲೇ ದೊಡ್ಡವ್ವ ನನ್ನ ಕೈಗೆ ಪೇಡೆ ಇಟ್ಟಳು.

"ಏನ್ ದೊಡ್ಡವ್ವ ಇದು?"

"ನಿಮ್ಮ ದೊಡ್ಡಪ್ಪಂದು ರಿಪೋರ್ಟ್ ಬಂತಲ್ಲ! ಎಲ್ಲಾದಕ್ಕೂ ರೆಸಿಸ್ಟಂಟ್ ಅಂತ!"

ಮಂಚದ ಮೇಲೆ ಪಟ್ಟಿ ಸುತ್ತಿದ ಕಾಲು ಚಾಚಿ ದೊಡ್ಡಪ್ಪ ಕೂತಿದ್ದರು. "ನನಗ ರೆಸಿಸ್ಟನ್ಸ್ ಪವರ್ ಕಡಿಮಿ ಐತಿ ಅಂತಿದ್ದ ಆ ಬಿಸಿನೀರಿನವ. ಈಗ ನೋಡಲಿ. ಒಂದಕ್ಕರ ಇಲ್ಲಾ ಅಂತ ಬಂದೈತೇನ?"

ಪೇಡೆ ಕೈಯಲ್ಲೇ ಇತ್ತು. ಹೇಳಲೇಬೇಕಿತ್ತು.

"ದೊಡ್ಡಪ್ಪ, ಆ ಪವರ್ ನಿಮ್ಮದಲ್ಲ. ನಿಮ್ಮ ಕಾಲಾಗಿನ ಹುಳದ್ದು. ಯಾವ ಔಷಧಕ್ಕೂ ಅದು ಸಾಯೂದಿಲ್ಲ."

ದೊಡ್ಡಪ್ಪ ಕಾಲನ್ನು ನೋಡಿದರು. "ಅಂದ್ರ, ಇಷ್ಟು ವರ್ಷ ನುಂಗಿದಾಂವ ನಾನು. ಪವರ್ ಬಂದಿದ್ದು ಅದಕ್ಕ?"

"ಹ್ಞೂಂ."

"ಹಂಗಾದ್ರ ಪೇಡೇನೂ ಅದಕ್ಕ ತಿನ್ನಸ್ರಿ."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಎಚ್ಚರವಾದಾಗ ದೊಡ್ಡಪ್ಪ ಚಾದರ ತಗ್ಗಾದ ಕಡೆ ಕೈಯಾಡಿಸಿ ಕೇಳಿದರು: "ಹುಳ ಹೋತೇನ?"

"ಹೋತು ದೊಡ್ಡಪ್ಪ."

"ನಿಮ್ಮ ರಿಪೋರ್ಟಿನಾಗ ಒಂದು ಔಷಧದ ಹೆಸರ ಬಿಟ್ಟಿದ್ರಿ ನೋಡ ಯವ್ವಾ."

"ಯಾವುದು?"

"ಗರಗಸ. ಅದಕ್ಕೊಂದಕ್ಕ ರೆಸಿಸ್ಟಂಟ್ ಇರಲಿಲ್ಲ."