ಎಂಬತ್ತೈದು ಸೆಂಟ್ ಮಳೆ

ಖಾಲಿ ಡಬ್ಬ ಕಂಡರೆ ಅದಕ್ಕೊಂದು ಹೆಸರಿಡಬೇಕೆಂಬ ಚಪಲ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ನಮ್ಮ ಅಡುಗೆಮನೆಯ ಡಬ್ಬಗಳಿಗೆಲ್ಲ ದುಂಡಗೆ ಬರೆದು ಚೀಟಿ ಅಂಟಿಸಿದವನು ನಾನೇ. ‘ಅಕ್ಕಿಹಿಟ್ಟು’ ಎಂಬ ಚೀಟಿಯಿದ್ದ ಡಬ್ಬದಲ್ಲಿ ರಂಗೋಲಿ ಪುಡಿ ಇರುವುದು ಮನೆಯವರಿಗೆಲ್ಲ ಗೊತ್ತಿತ್ತು. ನನಗೊಬ್ಬನಿಗೆ ಅದು ಒಂದು ಭಾನುವಾರ ರೊಟ್ಟಿ ತಟ್ಟಲು ಹೋದಾಗ ಗೊತ್ತಾಯಿತು. ಹೆಸರು ಬರೆಯುವವನ ತಲೆಯಲ್ಲಿರುವುದು ಒಂದು, ಡಬ್ಬ ತುಂಬುವವರ ತಲೆಯಲ್ಲಿರುವುದು ಇನ್ನೊಂದು. ಇಷ್ಟನ್ನು ಆ ಭಾನುವಾರವೇ ಕಲಿತಿದ್ದರೆ ಮುಂದಿನದನ್ನು ಬರೆಯುವ ಸಂದರ್ಭ ಬರುತ್ತಿರಲಿಲ್ಲ.

ನಾನು ಘಟ್ಟದ ಕೆಳಗಿನಿಂದ ಬಂದು ಮೂಡಿಗೆರೆಯ ಕಾಫಿ ಎಸ್ಟೇಟೊಂದರಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಅಕ್ಷರ ದುಂಡಗಿರುವವನಿಗೆ ಕಂಪ್ಯೂಟರೂ ಬರುತ್ತದೆ ಎಂದು ನಂಬಿದ ಬೆಳೆಗಾರರ ಸಣ್ಣ ಸಂಘವೊಂದು ತನ್ನ ವೆಬ್‌ಸೈಟನ್ನು ನನಗೆ ಒಪ್ಪಿಸಿತು. ಎರಡು ಸಾವಿರದ ಏಳನೇ ಇಸವಿಯ ಸುಮಾರಿನ ಮಾತು. ಸದಸ್ಯರು ತಮ್ಮ ತೋಟದ ವಿವರವನ್ನೂ ಆ ದಿನದ ಮಳೆಯನ್ನೂ ಒಂದೇ ಪುಟದಲ್ಲಿ ತಾವೇ ತುಂಬಬೇಕು ಎಂಬುದು ಯೋಜನೆ. ಅದಕ್ಕೆ ನನಗೊಂದು ಪ್ಲಗಿನ್, ಅಂದರೆ ವೆಬ್‌ಸೈಟಿಗೆ ಜೋಡಿಸುವ ಸಿದ್ಧ ತಂತ್ರಾಂಶ, ಸಿಕ್ಕಿತು. ಬೇಕಾದ ಹೆಸರುಗಳನ್ನು ಸಾಲಾಗಿ ಬರೆದು, ಕಡ್ಡಾಯವೋ ಅಲ್ಲವೋ ಎಂದು ಟಿಕ್ ಹಾಕಿ, ‘ಜನರೇಟ್’ ಒತ್ತಿದರೆ ಸಾಕು. ಹೆಸರಿಗೊಂದು ಚೌಕ ತಾನೇ ಹುಟ್ಟಿ ಪುಟದಲ್ಲಿ ಕೂರುತ್ತಿತ್ತು. ಮೂರು ದಿನ ನಾನು ಊಟ ಮರೆತು ಚೌಕ ಹುಟ್ಟಿಸಿದೆ. “‘ಮನೆಗೆ ಬರೋ ಹೊತ್ತು’ ಅಂತ ಒಂದು ಚೌಕ ಮಾಡ್ಕೊಳ್ಳಿ. ಕಡ್ಡಾಯ ಅಂತ ಟಿಕ್ ಹಾಕಿ” ಎಂದಳು ನನ್ನ ಹೆಂಡತಿ.

ಕೊನೆಗೆ ಉಳಿಸಿಕೊಂಡದ್ದು ನಾಲ್ಕು: ಹೆಸರು, ಎಕರೆ, ಇಂಚು, ಸೆಂಟ್. ಮಳೆಯನ್ನು ಇಲ್ಲಿ ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತಾರೆ, ನೂರು ಸೆಂಟ್ ಸೇರಿದರೆ ಒಂದು ಇಂಚು. ಆದರೆ ಆ ಪ್ಲಗಿನ್ ಶಿಸ್ತಿನದು. ನಾನು ಬರೆದ ಸಾಲನ್ನು ಬದಿಗಿಟ್ಟು ಅಕಾರಾದಿಯಾಗಿ ಜೋಡಿಸಿತು: ಇಂಚು, ಎಕರೆ, ಸೆಂಟ್, ಹೆಸರು. ಹೆಸರು ಕೊನೆಗೆ ಹೋಯಿತಲ್ಲ ಎಂದು ನಕ್ಕೆ. ನಗಬೇಕಾದದ್ದು ಅದಕ್ಕಲ್ಲ ಎಂದು ಆಗ ತಿಳಿಯಲಿಲ್ಲ.

ಮಾರ್ಚ್ ತಿಂಗಳು. ಸಂಘದ ಸದಸ್ಯ ಸುರೇಶಗೌಡರು ಮೂಡಿಗೆರೆಯ ಮನೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಅವರ ಮೂರೆಕರೆ ರೊಬಸ್ಟಾ ಕಾಫಿ ಇದ್ದದ್ದು ಕೊಟ್ಟಿಗೆಹಾರದ ಹತ್ತಿರ. ಮೊಗ್ಗು ಬಲಿತು ನಿಂತಿತ್ತು; ಆ ವಾರದಲ್ಲಿ ಮಳೆಯೋ ಸ್ಪ್ರಿಂಕ್ಲರ್ ನೀರೋ ಬೀಳದಿದ್ದರೆ ಮೊಗ್ಗು ಒಣಗಿ ವರ್ಷದ ಬೆಳೆಯೇ ಹೋಗುತ್ತಿತ್ತು. ಮೆಕ್ಯಾನಿಕ್ ಇಬ್ರಾಹಿಂನ ಡೀಸೆಲ್ ಪಂಪಿಗೆ ಮರುದಿನ ಅವರದೇ ಪಾಳಿ. ಗೌಡರು ನನಗೆ ಫೋನ್ ಮಾಡಿದರು.

“ರೈಟ್ರೇ, ಕೊಟ್ಟಿಗೆಹಾರದ ಕಡೆ ಮಳೆ ಏನಾದ್ರೂ ಆಯ್ತಾ?”

ವೆಬ್‌ಸೈಟ್ ತೆರೆದು ನೋಡಿದೆ. ಅವರ ಬೇಲಿಯಾಚೆಯ ಮೋನಪ್ಪನವರ ತೋಟದಲ್ಲಿ ಎಂಬತ್ತೈದು ಸೆಂಟ್. ಹಾಗೆಯೇ ಓದಿ ಹೇಳಿದೆ.

“ಬದುಕಿಸ್ದೆ ಮಾರಾಯ. ಹಾಗಾರೆ ಪಂಪು ಬೇರೆಯವ್ರಿಗೆ ಕೊಡು ಅಂತ ಇಬ್ರಾಹಿಂಗೆ ಹೇಳ್ತೀನಿ.”

ಒಂದು ಗಂಟೆಯಾಗಿರಬಹುದು, ಇಬ್ರಾಹಿಂ ಜೀಪು ತಂದು ನಮ್ಮ ಅಂಗಳದಲ್ಲೇ ನಿಲ್ಲಿಸಿದ. “ನಾನು ಈಗ ಕೊಟ್ಟಿಗೆಹಾರದಿಂದ್ಲೇ ಬರ್ತಿರೋದು ಸಾರ್. ನೀವು ಹೇಳಿದ ಮಳೆ ಗೌಡ್ರ ತೋಟಕ್ಕೆ ಬಿದ್ದು ನನ್ನ ಜೀಪಿಗೆ ಯಾಕೆ ಬೀಳ್ಲಿಲ್ಲ?” ಎಂದು ಗಾಜಿನ ಧೂಳಿನ ಮೇಲೆ ಬೆರಳಾಡಿಸಿ ‘85’ ಎಂದು ಬರೆದು ತೋರಿಸಿದ. ಅಂಕಿ ಸ್ಪಷ್ಟವಾಗಿ ಮೂಡಿತು.

ಮೋನಪ್ಪನವರಿಗೆ ಫೋನ್ ಹಚ್ಚಿ, ಬೀಳದ ಮಳೆಯನ್ನು ಬರೆದದ್ದೇಕೆ ಎಂದು ಕೇಳಿದೆ. ಅವರೂ ನನ್ನಂತೆ ಘಟ್ಟ ಹತ್ತಿ ಬಂದವರು.

“ಮಳೆಯಾ? ಎಂತ ಮಳೆ ಮಾರಾಯ್ರೆ? ನಿಮ್ಮ ಕಂಪ್ಯೂಟರ್ ಎಕ್ರೆ ಕೇಳಿತು, ಅದರ ಅಡಿಯಲ್ಲೇ ಸೆಂಟ್ಸ್ ಕೇಳಿತು. ನನ್ನದು ಆರೆಕ್ರೆ ಎಂಬತ್ತೈದು ಸೆಂಟ್ಸ್. ಬರೆದೆ.”

ಘಟ್ಟದ ಮೇಲಿನವರು ಜಾಗವನ್ನು ಎಕರೆ, ಗುಂಟೆಯಲ್ಲಿ ಹೇಳುತ್ತಾರೆ. ಸೆಂಟ್ ಎಂದರೆ ಅವರಿಗೆ ಮಳೆಯೇ. ಕೆಳಗಿನವರಾದ ನಮಗೆ ಸೆಂಟ್ ಎಂದರೆ ಮೊದಲು ಜಾಗ, ಎಕರೆಯ ನೂರರಲ್ಲೊಂದು ಪಾಲು. ಇದನ್ನು ಮೋನಪ್ಪನವರಿಗೆ ಸಾವಧಾನವಾಗಿ, ಸ್ವಲ್ಪ ಗತ್ತಿನಿಂದಲೇ ವಿವರಿಸಿ, ಇಷ್ಟು ವರ್ಷ ಇಲ್ಲಿದ್ದೂ ತಿಳಿಯಲಿಲ್ಲವೇ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ಅದೆಲ್ಲ ಸರಿ. ನಾನು ಮೇಲಿನ ಸಾಲಿನಲ್ಲಿ ನಿಮ್ಮದನ್ನು ನೋಡಿಯೇ ತುಂಬಿಸಿದ್ದು.”

ಕಂಪ್ಯೂಟರಿನತ್ತ ತಿರುಗಿ ನೋಡಿದೆ. ಮೊದಲ ಸಾಲು ನನ್ನದೇ. ಎಲ್ಲರಿಗೂ ಮಾದರಿಯಾಗಿರಲಿ ಎಂದು ನಾನೇ ತುಂಬಿದ್ದೆ: ಇಂಚು ಸೊನ್ನೆ, ಎಕರೆ ಒಂದು, ಸೆಂಟ್ ನಲವತ್ತು. ಊರಾಚೆ ನಮಗಿರುವ ಜಾಗ ಅಷ್ಟೇ.

ಹೆಂಡತಿ ಹಿಂದಿನಿಂದ ಬಗ್ಗಿ ಓದಿದಳು. “ನಲವತ್ತು ಸೆಂಟ್ ಮಳೆ ಬಂದ ದಿನ ನೀವು ಅಂಗಳದಲ್ಲಿ ಕಾಳುಮೆಣಸು ಹರಡ್ತಾ ಇದ್ರಿ. ಒದ್ದೆ ಆಗ್ಲಿಲ್ವಾ ಪಾಪ?”

ಇಬ್ರಾಹಿಂ ಪಂಪನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಧೂಳನ್ನು ನಂಬಿದ ಅವನು ಮರುದಿನ ಗೌಡರ ತೋಟಕ್ಕೆ ನೀರು ಹಾರಿಸಿದ. ಎಂಟು ಹತ್ತು ದಿನದಲ್ಲಿ ಮೂರೆಕರೆಯೂ ಬೆಳ್ಳಗೆ ಹೂವಾಯಿತು. ನಾನು ಚೌಕದ ಹೆಸರನ್ನು ‘ಮಳೆ – ಸೆಂಟ್’ ಎಂದು ತಿದ್ದಿ ‘ಜನರೇಟ್’ ಒತ್ತಿ, ನೆಮ್ಮದಿಯಿಂದ ಮಲಗಿದೆ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತರೆ ಅದರ ನೆತ್ತಿಯ ಮೇಲೆ ನನ್ನದೇ ದುಂಡು ಅಕ್ಷರದ ಒಂದು ಚೀಟಿ. ಅಡುಗೆಮನೆಯ ರಂಗೋಲಿ ಡಬ್ಬದಿಂದ ಕಿತ್ತು ತಂದು ಅಂಟಿಸಿದ್ದು: ‘ಅಕ್ಕಿಹಿಟ್ಟು’.