ನಲವತ್ತು ಇಂಚಿನ ಮರ

ಕೈಲಾಗದವನ ಕೈಗೆ ಬಂದ ಆಯುಧ ಯಾವತ್ತೂ ಚಿಕ್ಕದೇ ಆಗಿರುತ್ತದೆ. ನಮ್ಮ ಗುಮಾಸ್ತನ ಚೈನ್ ಗರಗಸಕ್ಕೂ ಅದೇ ಕಾಯಿಲೆ. ಸೌದೆ ತುಂಡಾಗದಿದ್ದರೆ ಗರಗಸ ಚಿಕ್ಕದು; ತುಂಡು ಸೊಟ್ಟಗಾದರೆ ಗರಗಸ ಚಿಕ್ಕದು; ಹತ್ತು ನಿಮಿಷಕ್ಕೆ ಸೊಂಟ ಹಿಡಿದುಕೊಂಡರೆ ಅದಕ್ಕೂ ಗರಗಸ ಚಿಕ್ಕದಾದದ್ದೇ ಕಾರಣ. ಅದರದ್ದು ಹದಿನಾರು ಇಂಚಿನ ಬಾರ್. ಬಾರ್ ಅಂದರೆ ಚೈನು ಸುತ್ತುವ ಉದ್ದನೆಯ ಪಟ್ಟಿ. ಇತ್ತೀಚೆಗೆ ಅದು ಮರದ ಮೇಲೆ ಕೂತು ಗೊಣಗುತ್ತಿತ್ತೇ ಹೊರತು ಒಳಗೆ ಇಳಿಯುತ್ತಿರಲಿಲ್ಲ. ಹೊಟ್ಟು ಹಾರುವ ಜಾಗದಲ್ಲಿ ಮುಖಕ್ಕೆ ಹಚ್ಚಿಕೊಳ್ಳುವಷ್ಟು ನಯವಾದ ಹಿಟ್ಟು ಉದುರುತ್ತಿತ್ತು. ಜೊತೆಗೆ ಒಂದಿಷ್ಟು ಹೊಗೆ.

"ಅಳಿಯಂದ್ರೇ, ಚೈನು ಮೊಂಡಾಗಿದೆ. ಹಲ್ಲಿಗೆ ಸ್ವಲ್ಪ ಅರ ಹಾಕಿ ಚೂಪು ಮಾಡಿ, ಬೆಣ್ಣೆ ಕೊಯ್ದಂಗೆ ಕೊಯ್ಯುತ್ತೆ," ಎಂದು ಹಿಂದಿನ ಬೀದಿಯಲ್ಲಿದ್ದ ಮಾವ ಎರಡು ಸಲ ಹೇಳಿದ್ದರು. ಮಾವ ಮೂವತ್ತೈದು ವರ್ಷ ಬಡಗಿಯಾಗಿದ್ದವರು. ಅಂಥವರ ಮಾತು ಕೇಳುವುದುಂಟೆ? ಅನುಭವಸ್ಥರ ಮಾತು ಕೇಳಿದರೆ ಕೆಲಸ ಆಗಿಯೇ ಬಿಡುತ್ತದೆ. ಆಮೇಲೆ ಮನುಷ್ಯನಿಗೆ ಗೊಣಗಲು ಏನುಳಿಯುತ್ತದೆ?

(ಗುಮಾಸ್ತನ ಉದ್ಯೋಗವನ್ನೂ ಹೇಳಿಬಿಡಬೇಕು. ನೀರು ಸರಬರಾಜು ಕಚೇರಿಯಲ್ಲಿ ಆತ ಕಾಗದಗಳ ಮೇಲೆ 'ಪರಿಶೀಲಿಸಲಾಗಿದೆ' ಎಂದು ಠಸ್ಸೆ ಒತ್ತುತ್ತಾನೆ. ದಿನಕ್ಕೆ ಇನ್ನೂರು ಕಾಗದ. ಒಂದನ್ನೂ ಓದುವುದಿಲ್ಲ. ಓದಿದರೆ ಇನ್ನೂರು ಹೇಗಾದೀತು?)

ಹೀಗಿರುವಾಗ ಬುಧವಾರದ ಗಾಳಿಗೆ ಪಕ್ಕದ ಮನೆ ಡ್ರಿಲ್ ಮೇಷ್ಟ್ರ ಕಾಂಪೌಂಡಿನ ಮರ ಉರುಳಿತು. ಮೇಷ್ಟ್ರು ನಿವೃತ್ತರಾಗಿ ಆರು ವರ್ಷವಾಗಿತ್ತು, ಕುತ್ತಿಗೆಯ ಸೀಟಿ ಮಾತ್ರ ಇನ್ನೂ ಸೇವೆಯಲ್ಲಿತ್ತು. ವಿದ್ಯುತ್ ಇಲಾಖೆಯವರು ಬಂದು ತಂತಿಗೆ ತಾಗಿದ ಕೊಂಬೆಗಳನ್ನು ಕಡಿದು ಒಯ್ದರು. ಹದಿನೈದು ಅಡಿ ಉದ್ದದ ಬೋಳು ಕಾಂಡ ಗೋಡೆಯ ಪಕ್ಕಕ್ಕೆ ಉಳಿಯಿತು.

"ನೋಡಪ್ಪಾ," ಎಂದರು ಮೇಷ್ಟ್ರು, "ಭಾನುವಾರ ಸಂಜೆ ಆರು ಗಂಟೆ ಒಳಗೆ ಎತ್ಕೊಂಡು ಹೋದ್ರೆ ಪೂರ್ತಿ ನಿನ್ದೇ. ಆರು ಗಂಟೆ ಒಂದು ನಿಮಿಷಕ್ಕೆ ಬೇಕರಿಯವನದು. ಅವನು ಆಗ್ಲೇ ಎರಡು ಸಲ ಫೋನ್ ಮಾಡಿದಾನೆ."

ಈ ಸುದ್ದಿ ಕೇಳಿ ಗುಮಾಸ್ತನ ಹೆಂಡತಿ ಹೊಲಿಗೆ ಮಷೀನಿನ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದಳು. ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿಯ ಅರ್ಧ ಜನರ ಷರಟು, ಪ್ಯಾಂಟು, ಮಕ್ಕಳ ಸಮವಸ್ತ್ರ ಎಲ್ಲ ಅವಳ ಕೈಯಲ್ಲೇ ಹುಟ್ಟುತ್ತಿದ್ದವು.

"ರೀ, ನಮ್ಮಲ್ಲಿ ಇನ್ನು ನಾಲ್ಕು ದಿನದ ಸೌದೆ ಇದೆ ಅಷ್ಟೆ. ಆ ಮರ ಸಿಕ್ಕಿದ್ರೆ ಚಳಿ ಮುಗಿಯೋವರೆಗೂ ಸ್ನಾನಕ್ಕೆ ನೀರು ಕಾಯುತ್ತೆ. ಅಪ್ಪನ್ನ ಕರೀಲಾ?"

"ನಿಮ್ಮಪ್ಪ ಯಾಕೆ? ನಾನಿಲ್ವಾ?"

"ಇದೀರಲ್ಲ, ಅದಕ್ಕೇ ಕೇಳಿದ್ದು."

"ಲೇ, ಆ ಆಟದ ಸಾಮಾನು ಇಟ್ಕೊಂಡು ಯಾರು ತಾನೇ ಮರ ಕೊಯ್ಯೋಕಾಗುತ್ತೆ? ದೊಡ್ಡ ಮಷೀನ್ ತರ್ತೀನಿ. ಉದ್ದ ಬಾರ್ ಹಾಕಿಸ್ತೀನಿ. ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಮರ ನಮ್ಮ ಹಿತ್ತಲಲ್ಲಿರುತ್ತೆ, ನೋಡ್ತಿರು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಅವಳು ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. ನೆಲಕ್ಕೆ ಹೇಳಿದಳೋ ಗಂಡನಿಗೋ ತಿಳಿಯಲಿಲ್ಲ.

ಹೆಂಡತಿಗೆ ಬಿಸಿನೀರಿನ ಚಿಂತೆ, ಗುಮಾಸ್ತನಿಗೆ ಮಾನದ ಚಿಂತೆ. ಮಾವನನ್ನು ಕರೆಯದೆ ಈ ಒಂದು ಮರವನ್ನು ತಾನೇ ಮಲಗಿಸಿ (ಅದಾಗಲೇ ಮಲಗಿತ್ತು ಅನ್ನುವುದು ಬೇರೆ ಮಾತು) ಮನೆಗೆ ತಂದರೆ ಮುಂದಿನ ಹತ್ತು ವರ್ಷ 'ಅಳಿಯಂದ್ರೇ' ಅನ್ನುವ ಆ ಜೇನು ಸವರಿದ ಸಂಬೋಧನೆಯಿಂದ ಮುಕ್ತಿ ಸಿಗುತ್ತಿತ್ತು.

ಮಷೀನು ಕೊಳ್ಳುವ ಮೊದಲು ಮರ ಅಳೆಯಬೇಕಲ್ಲ? ಅಷ್ಟು ವೈಜ್ಞಾನಿಕ ಪ್ರಜ್ಞೆ ನಮ್ಮ ಗುಮಾಸ್ತನಿಗೆ ಇತ್ತು. ಶುಕ್ರವಾರ ಸಂಜೆ ಹೆಂಡತಿಯ ಕುತ್ತಿಗೆಯಿಂದ ಬಟ್ಟೆಯ ಟೇಪು ತೆಗೆದುಕೊಂಡು ಹೋದ. ಮದುವೆಯಾಗಿ ಎರಡು ವರ್ಷದಿಂದ ಆ ಕೋಣೆಯಲ್ಲಿ ನೂರಾರು ಎದೆಗಳನ್ನೂ ಸೊಂಟಗಳನ್ನೂ ಅಳೆಯುವುದನ್ನು ನೋಡಿದವನಿಗೆ ಇದೇನು ಮಹಾ ವಿದ್ಯೆ? ಕಾಂಡದ ಬುಡ ಕಲ್ಲಿನ ಮೇಲೆ ಎತ್ತಿಕೊಂಡಿತ್ತು. ಟೇಪನ್ನು ಕೆಳಗಿನಿಂದ ತೂರಿಸಿ, ಮೇಲಕ್ಕೆ ತಂದು, ತುದಿಗೆ ತುದಿ ಕೂಡಿಸಿ, ಒಳಗೆ ಎರಡು ಬೆರಳು ಇಟ್ಟು ನೋಡಿದ. ನಲವತ್ತು.

"ಹೇಳಿ," ಎಂದಳು ಹೆಂಡತಿ, ಅವನು ಮನೆಗೆ ಬಂದೊಡನೆ ಅಳತೆ ಪುಸ್ತಕ ತೆರೆದು.

"ನಲವತ್ತು."

"ಎದೆಯೋ ಸೊಂಟವೋ?"

"ಸೊಂಟ ಅಂತ ಬರ್ಕೋ. ಬುಡದ ಹತ್ರ."

"ಎರಡು ಬೆರಳು ಲೂಸ್ ಬಿಟ್ರಿ ತಾನೇ?"

"ಬಿಟ್ಟೆ."

"ಹಾಗಾದ್ರೆ ಸರಿ," ಎಂದು ಅವಳು ಬರೆದು, ಹಾಳೆ ಹರಿದು ಕೊಟ್ಟಳು.

ಮರುದಿನ ಅರ್ಧ ದಿನ ರಜೆ ಹಾಕಿ, ಹಳೆಯ ಗರಗಸವನ್ನು ಚೀಲದಲ್ಲಿಟ್ಟುಕೊಂಡು ಗುಮಾಸ್ತ ಅಂಗಡಿಗೆ ಹೋದ. ಅಂಗಡಿಯವನು ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿದ.

"ಏನು ಕೊಯ್ತೀರಾ ಸಾರ್?"

"ಸೌದೆ."

"ಮರ ಎಷ್ಟು ದಪ್ಪ?"

"ನಲವತ್ತು ಇಂಚು."

ಅಂಗಡಿಯವನು ಕುರ್ಚಿಯಿಂದ ಎದ್ದು ನಿಂತ. ಗುಮಾಸ್ತನ ಜೀವಮಾನದಲ್ಲಿ ಅವನಿಗಾಗಿ ಯಾರಾದರೂ ಎದ್ದು ನಿಂತದ್ದು ಅದೇ ಮೊದಲು. ಬಸ್ಸಿನಲ್ಲಿ ಕೂಡ ಆತನೇ ಏಳಬೇಕಾಗುತ್ತಿತ್ತು.

"ನಲವತ್ತಾ? ಸರಿಯಾಗಿ ಅಳೆದಿದೀರಾ?"

ಗುಮಾಸ್ತ ಹಾಳೆ ಚಾಚಿದ. ಕಾಗದದ ಮೇಲೆ ಬಂದದ್ದನ್ನು ಪ್ರಶ್ನಿಸುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬಾವಿ ತೋಡಿದ್ದೇವೆ ಎಂದು ಕಡತದಲ್ಲಿ ಬರೆದಿದ್ದರೆ ಮುಗಿಯಿತು. ಬಾವಿಯೊಳಗೆ ಬಗ್ಗಿ ನೋಡುವುದು ಸಭ್ಯತೆಯಲ್ಲ. ಹೀಗೆ ಎರಡು ತೋಳುಗಳಲ್ಲಿ ಸುಖವಾಗಿ ತಬ್ಬಬಹುದಾಗಿದ್ದ ಮರವೊಂದು ಆ ಹಾಳೆಯ ಮೇಲೆ ಆನೆಯಷ್ಟಾಗಿ ನಿಂತಿತ್ತು.

"ಸೊಂಟ ನಲವತ್ತು..." ಎಂದು ಓದಿ ಅಂಗಡಿಯವನು ತಲೆ ಕೆರೆದುಕೊಂಡ. "ಸೊಂಟ ಅಂದ್ರೆ?"

"ಬುಡ ಕಣ್ರೀ."

"ನೋಡಿ ಸಾರ್, ಮನೆ ಸೌದೆಗೆ ಹದಿನಾರು, ಹದಿನೆಂಟು ಇಂಚಿನ ಬಾರ್ ಧಾರಾಳ. ಮರದ ದಪ್ಪಕ್ಕಿಂತ ಎರಡು ಇಂಚು ಜಾಸ್ತಿ ಇದ್ರೆ ಆಯ್ತು. ಬಾರ್ ಉದ್ದ ಆದಂಗೆ ಇಂಜಿನ್ ದೊಡ್ಡದಾಗ್ಬೇಕು. ಇಂಜಿನ್ ದೊಡ್ಡದಾದಂಗೆ ತೂಕ ಜಾಸ್ತಿ. ತೂಕ ಜಾಸ್ತಿ ಆದಂಗೆ..." ಎಂದವನು ಗುಮಾಸ್ತನ ತೋಳುಗಳ ಕಡೆ ನೋಡಿ, ವಾಕ್ಯವನ್ನು ಅಲ್ಲಿಗೇ ಕೈಬಿಟ್ಟ.

ಆ ಕೈಬಿಟ್ಟ ವಾಕ್ಯವೇ ನಮ್ಮವನನ್ನು ಕೆಣಕಿತು. ಇಪ್ಪತ್ತು ಇಂಚಿನದು ತೋರಿಸಿದರೆ ಮೂರು ಗಾಲಿಯ ಸೈಕಲ್ ನೋಡುವಂತೆ ನೋಡಿದ. ಇಪ್ಪತ್ನಾಲ್ಕಕ್ಕೆ "ಇದಕ್ಕಿಂತ?" ಅಂದ. ಇಪ್ಪತ್ತೆಂಟಕ್ಕೆ ಮೂಗು ಮುರಿದ. ಕೊನೆಗೆ ಅಂಗಡಿಯವನು ಏಣಿ ಹಾಕಿ, ಗೋಡೆಯ ಮೇಲೆ ಬರೀ ಅಂದಕ್ಕೆ ತೂಗುಹಾಕಿದ್ದ ಮೂವತ್ತಾರು ಇಂಚಿನ ಬಾರನ್ನು ಇಳಿಸಿ, ಧೂಳು ಒರೆಸಿ, ಕರುಗಾತ್ರದ ಇಂಜಿನ್ನಿಗೆ ಜೋಡಿಸಿದ.

"ಇದೇ ಕೊನೆ ಸಾರ್. ಇದಕ್ಕಿಂತ ಉದ್ದ ಬೇಕು ಅಂದ್ರೆ ನೀವು ಹಡಗು ಕಟ್ಟೋರ ಹತ್ರ ಹೋಗ್ಬೇಕು. ಎರಡೂ ಕಡೆಯಿಂದ ಕೊಯ್ದ್ರೆ ನಲವತ್ತೇನು, ಅರವತ್ತೂ ಬರುತ್ತೆ. ಹಳೇದನ್ನ ಬಿಟ್ಟು ಹೋಗ್ತೀರಾ? ಬೆಲೆಯಲ್ಲಿ ಹಿಡ್ಕೊಳ್ತೀನಿ."

ಗುಮಾಸ್ತ ಹಳೆಯ ಗರಗಸವನ್ನು ಮೇಜಿನ ಮೇಲಿಟ್ಟ. ಅಂಗಡಿಯವನು ಚೈನಿನ ಮೇಲೆ ಹೆಬ್ಬೆರಳು ಆಡಿಸಿ ಮುಖ ಕಿವುಚಿದ. "ಇದಕ್ಕೆ ಒಂದ್ಸಲಾನೂ ಅರ ಹಾಕಿಲ್ವಾ ಸಾರ್?"

"ಅದು ಚಿಕ್ಕದು," ಎಂದ ಗುಮಾಸ್ತ.

ವಾಪಸು ಬರುವಾಗ ಬಸ್ಸಿನ ಕಂಡಕ್ಟರು ಗರಗಸಕ್ಕೂ ಒಂದು ಟಿಕೆಟ್ ಹರಿದ. ಸೀಟು ಗರಗಸಕ್ಕೆ ಸಿಕ್ಕಿತು, ಗುಮಾಸ್ತ ನಿಂತು ಬಂದ. ಮನೆ ಬಾಗಿಲಲ್ಲಿ ಹೆಂಡತಿ ಅದನ್ನು ಬುಡದಿಂದ ತುದಿಯವರೆಗೆ ನೋಡಿ, ಆಮೇಲೆ ಗಂಡನನ್ನು ನೋಡಿ, "ರೀ, ಇದರ ಪಕ್ಕ ನಿಂತ್ರೆ ನೀವು ಬಿಡಿಭಾಗದ ಥರ ಕಾಣ್ತೀರಿ," ಎಂದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾಷ್ಠಚ್ಛೇದನ ಮಹಾಕಾರ್ಯ ಆರಂಭವಾಯಿತು. ಅಂದರೆ ಗುಮಾಸ್ತ ಇಂಜಿನ್ನು ಎಬ್ಬಿಸುವ ಹಗ್ಗ ಎಳೆಯಲು ಶುರುಮಾಡಿದ. ಸಣ್ಣ ಇಂಜಿನ್ನು ಎರಡು ಸಲ ಎಳೆದರೆ ಎದ್ದುಬಿಡುತ್ತಿತ್ತು, ಬಡವರ ಮನೆ ಮಗುವಿನ ಹಾಗೆ. ಇದು ದೊಡ್ಡಮನುಷ್ಯ. ಇಪ್ಪತ್ಮೂರು ಸಲ ಎಳೆದ ಮೇಲೆ ಒಮ್ಮೆ ಕೆಮ್ಮಿತು. ಗುಮಾಸ್ತ ಒಮ್ಮೆ ಕೂತ, ಒಮ್ಮೆ ಮಲಗಿದ, ಎರಡು ಲೋಟ ಚಹಾ ಕುಡಿದ. ಹನ್ನೆರಡೂವರೆಗೆ ಇಂಜಿನ್ನು ಗುರ್ ಎಂದು ಎದ್ದಾಗ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಆ ಕಿಟಕಿಗಳನ್ನು ಕಂಡು ಅವನ ಎದೆ (ಮೂವತ್ತೆರಡು) ಉಬ್ಬಿ ಮೂವತ್ನಾಲ್ಕಾಯಿತು.

ಕಾಂಡ ಗೋಡೆಯ ಉದ್ದಕ್ಕೂ ಬಿದ್ದಿತ್ತು. ನಡುವೆ ಒಂದು ಅಡಿ ಸಂದು. ಮರವೂ ಸಂದೂ ಸೇರಿದರೆ ಎರಡು ಅಡಿಗೆ ಸ್ವಲ್ಪ ಮೇಲೆ. ಬಾರ್ ಮೂರು ಅಡಿ. ಈ ಲೆಕ್ಕ ಮೂರನೇ ಕ್ಲಾಸಿನ ಮಕ್ಕಳಿಗೂ ಬರುತ್ತದೆ. ಆದರೆ ಮೂರನೇ ಕ್ಲಾಸಿನ ಮಕ್ಕಳ ಕೈಗೆ ಯಾರೂ ಚೈನ್ ಗರಗಸ ಕೊಡುವುದಿಲ್ಲವಲ್ಲ. ಗುಮಾಸ್ತ ಹಲ್ಲು ಕಚ್ಚಿ ಬಾರನ್ನು ಮರದ ಮೇಲೆ ಇಳಿಸಿದ. ಬಾರಿನ ತುದಿ ಮರವನ್ನು ದಾಟಿ, ಸಂದನ್ನೂ ದಾಟಿ, ನೇರ ಕಲ್ಲಿನ ಗೋಡೆಗೆ ಹೋಗಿ ಕಚ್ಚಿತು. ಕಿಡಿ ಹಾರಿತು. ಗರಗಸ ಹಿಂದಕ್ಕೆ ಒದ್ದ ರಭಸಕ್ಕೆ ಗುಮಾಸ್ತ ನಾಲ್ಕು ಹೆಜ್ಜೆ ಹಿಂದೆ ಹೋಗಿ ಹೂವಿನ ಕುಂಡದಲ್ಲಿ ಕೂತ. ಇಂಜಿನ್ನು ಆರಿತು.

ಸೀಟಿ ಮೊಳಗಿತು.

"ಲೇ ಹುಡುಗಾ! ಮರ ಕೊಯ್ಯಿ ಅಂದ್ರೆ ಗೋಡೆ ಕೊಯ್ತೀಯಲ್ಲೋ!"

"ಇಲ್ಲ ಸಾರ್, ಜಾಗ ಮಾಡ್ಕೊಳ್ತಿದ್ದೆ."

ಆಮೇಲಿನದನ್ನು ಹೆಚ್ಚು ವಿವರಿಸುವುದು ಕ್ರೌರ್ಯವಾದೀತು. ಕಲ್ಲು ಕಚ್ಚಿದ ಚೈನು ಒಂದೇ ಏಟಿಗೆ ಬೊಚ್ಚುಬಾಯಿಯಾಗಿತ್ತು. ಇನ್ನೊಂದು ಗಂಟೆ ಹಗ್ಗ ಎಳೆದು, ಎಬ್ಬಿಸಿ, ಮರದ ಮೇಲೆ ಇಟ್ಟರೆ ಮತ್ತದೇ ಹಿಟ್ಟು, ಮತ್ತದೇ ಹೊಗೆ. ಹೊಗೆ ಮಾತ್ರ ಇಂಜಿನ್ನಿಗೆ ತಕ್ಕ ಹಾಗೆ ಭವ್ಯವಾಗಿತ್ತು. ಅಂಗಡಿಗೆ ಭಾನುವಾರ ರಜೆ. ಹಳೆಯ ಗರಗಸ ಆ ಮುಚ್ಚಿದ ಬಾಗಿಲ ಹಿಂದೆ. ಗಂಟೆ ಮೂರಾಯಿತು. ಮೇಷ್ಟ್ರು ವರಾಂಡದಲ್ಲಿ ಕೂತು, "ಬೇಕರಿಯವನಿಗೆ ಗಾಡಿ ತಗೊಂಡು ಬಾ ಅನ್ಲಾ?" ಎಂದು ಸಹಾನುಭೂತಿಯಿಂದ ವಿಚಾರಿಸಿದರು.

ಗುಮಾಸ್ತ ತಿರುಗಿ ನೋಡಿದರೆ ಹೆಂಡತಿ ಇರಲಿಲ್ಲ. ಹತ್ತು ನಿಮಿಷದಲ್ಲಿ ಗೇಟಿನೊಳಗೆ ಬಂದಳು. ಹಿಂದೆ ಮಾವ. ಅವರ ಹೆಗಲ ಮೇಲೆ ಎರಡೂ ತುದಿಗೆ ಹಿಡಿಯಿದ್ದ, ಇಬ್ಬರು ಎಳೆಯುವ ಗರಗಸ.

ಮಾವ ಗರಗಸ ಇಳಿಸಿ ಗೋಡೆಗೆ ಒರಗಿಸಿದರು. ಮೊದಲು ಗೋಡೆಯ ಗಾಯ ನೋಡಿದರು. ಆಮೇಲೆ ಹೊಸ ಗರಗಸ ನೋಡಿದರು. ಆಮೇಲೆ ಕಾಂಡದ ತುದಿಗೆ ಬಂದು ಅಡ್ಡಲಾಗಿ ಕೈ ಅಗಲಿಸಿ ಇಟ್ಟರು.

"ಒಂದು ಗೇಣು, ಮೇಲೆ ನಾಲ್ಕು ಬೆರಳು. ಎಷ್ಟು ಅಂದ್ರೂ ಹದಿಮೂರು ಇಂಚು. ಅಂಗಡೀಲಿ ಎಷ್ಟು ಅಂತ ಹೇಳಿದ್ರಿ ಅಳಿಯಂದ್ರೇ?"

"...ನಲವತ್ತು."

"ನಲವತ್ತಾ? ಹೇಗೆ ಅಳೆದ್ರಿ?"

ಗುಮಾಸ್ತ ಗಾಳಿಯಲ್ಲಿ ಎರಡೂ ಕೈಯಿಂದ ಒಂದು ಸುತ್ತು ಹಾಕಿ ತೋರಿಸಿದ. ಸುತ್ತು ಮುಗಿಯುವ ಮೊದಲೇ ಕೈ ತಾನಾಗಿ ಕೆಳಗಿಳಿಯಿತು.

ಮಾವ ತಲೆಯಾಡಿಸಿದರು. "ಸರಿಯಾಗಿದೆ. ಮರಕ್ಕೆ ಪ್ಯಾಂಟು ಹೊಲಿಸೋದಾದ್ರೆ ನಲವತ್ತೇ ಬೇಕು."

"ಅಪ್ಪಾ, ಎರಡು ಬೆರಳು ಲೂಸೂ ಬಿಟ್ಟಿದಾರೆ," ಎಂದಳು ಮಗಳು, ಗಂಡನ ಪರವಾಗಿ.

"ಭೇಷ್. ಮತ್ತೆ ನಿಮ್ಮ ಹಳೇ ಮಷೀನಿಂದು ಬಾರ್ ಎಷ್ಟಿತ್ತು?"

ಗುಮಾಸ್ತ ಪ್ಯಾಂಟಿಗೆ ಅಂಟಿದ್ದ ಕುಂಡದ ಮಣ್ಣನ್ನು ಕೊಡವತೊಡಗಿದ. ಹದಿಮೂರು ಇಂಚಿನ ಮರಕ್ಕೆ ಹದಿನಾರು ಇಂಚಿನ ಬಾರ್. ಗುಬ್ಬಿಗೆ ಕವಣೆ ಸಾಕಾಗಿತ್ತು. ಕವಣೆ ಮಾರಿ ತೋಪು ತಂದು, ತೋಪಿನಿಂದ ಪಕ್ಕದ ಮನೆ ಗೋಡೆ ಹೊಡೆದಿದ್ದ. ಮಾವ ಉತ್ತರಕ್ಕೆ ಕಾಯಲಿಲ್ಲ. ಕೇಳಬೇಕಾದದ್ದನ್ನು ಕೇಳಿ ಆಗಿತ್ತು.

"ಐದು ಕಡೆ ಕೊಯ್ದ್ರೆ ಆರು ತುಂಡು, ಉರುಳಿಸ್ಕೊಂಡು ಹೋಗಬಹುದು. ಬಾರಮ್ಮಾ, ಆ ಕಡೆ ಹಿಡ್ಕೋ."

"ನಾನು ಹಿಡೀತೀನಿ ಮಾವ," ಎಂದು ಗುಮಾಸ್ತ ಮುಂದೆ ಬಂದ. ಹಿಡಿದ. ಮಾವ ಎಳೆದಾಗ ಇವನೂ ಎಳೆದ, ಮಾವ ಬಿಟ್ಟಾಗ ಇವನೂ ಬಿಟ್ಟ. ಗರಗಸ ನಡುವೆ ಬಿಲ್ಲಿನಂತೆ ಬಾಗಿ ನಿಂತಿತು. ಮೂರನೆಯ ಸಲಕ್ಕೆ ಹೆಂಡತಿ ಮೆಲ್ಲಗೆ ಅವನ ಕೈಯಿಂದ ಹಿಡಿ ಬಿಡಿಸಿಕೊಂಡಳು. ಹುಟ್ಟಿದಾಗಿನಿಂದ ಬಡಗಿಯ ಅಂಗಳದಲ್ಲಿ ಬೆಳೆದವಳು. ಗರಗಸ ಸರ್ ಸರ್ ಎಂದು ಹಾಡಿಕೊಂಡು ಒಳಗಿಳಿಯಿತು. ದಪ್ಪ ದಪ್ಪ ಹೊಟ್ಟು ಉದುರಿತು.

"ನಾನೇನು ಮಾಡ್ಲಿ ಮಾವ?"

"ದಿಮ್ಮಿ ಅಲ್ಲಾಡ್ತಿದೆ ಅಳಿಯಂದ್ರೇ. ನೀವು ಮೇಲೆ ಕೂತ್ಕೊಳ್ಳಿ."

ಗುಮಾಸ್ತ ಕೂತ. ಕೊನೆಗೂ ತನ್ನ ಯೋಗ್ಯತೆಗೆ ತಕ್ಕ ಹುದ್ದೆ ಸಿಕ್ಕಿತೆಂದು, ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತ. ಗರಗಸ ನಾಲ್ಕು ಸಲ ಆಡಿತು. ಮಾವ ನಿಲ್ಲಿಸಿದರು.

"ಇನ್ನೂ ಅಲ್ಲಾಡ್ತಿದೆ. ಭಾರ ಸಾಲದು."

ಹೆಂಡತಿ ಗಂಡನನ್ನೊಮ್ಮೆ ಕಣ್ಣಲ್ಲೇ ತೂಗಿದಳು. ಸುತ್ತಲೂ ನೋಡಿದಳು. ಹೋಗಿ, ಮೂವತ್ತಾರು ಇಂಚಿನ ಆ ಹೊಸ ಗರಗಸವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಗಂಡನ ತೊಡೆಯ ಮೇಲಿಟ್ಟಳು.

"ಈಗ ನೋಡಪ್ಪಾ."

ಮಾವ ಎರಡು ಸಲ ಎಳೆದು ನೋಡಿದರು. "ಹಾಂ, ಈಗ ಸರಿಹೋಯ್ತು. ಒಳ್ಳೇ ಮಷೀನು."

ಆರಕ್ಕೆ ಹತ್ತು ನಿಮಿಷ ಇರುವಾಗ ಐದನೆಯ ಕೊಯ್ತ ಅರ್ಧಕ್ಕೆ ಬಂದಿತ್ತು. ನಾಲ್ಕು ತುಂಡು ಆಗಲೇ ಗೇಟು ದಾಟಿದ್ದವು. ಗಡಿಯಾರ ಹಿಡಿದು ವರಾಂಡದಿಂದ ಇಳಿದು ಬಂದ ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದು ಆಶ್ಚರ್ಯಪಟ್ಟರು.

"ಅಲ್ಲಮ್ಮಾ, ಬೆಳಿಗ್ಗೆಯಿಂದ ಬೀದಿಗೆಲ್ಲ ಕೇಳೋ ಹಾಗೆ ಅಬ್ಬರ, ಕೆಲಸ ಮಾತ್ರ ಸೊನ್ನೆ. ಈಗ ಸದ್ದೇ ಇಲ್ಲ, ಮರ ಮುಗೀತಾ ಬಂತಲ್ಲ! ಏನು ಮಾಡಿದ್ರಿ?"

ಅವಳು ಗರಗಸ ನಿಲ್ಲಿಸದೆ, ತೊಡೆಯ ಮೇಲೆ ಮಷೀನಿಟ್ಟುಕೊಂಡು ದಿಮ್ಮಿಯ ಮೇಲೆ ಕೂತಿದ್ದ ಗಂಡನ ಕಡೆ ಕಣ್ಣು ಹಾಯಿಸಿದಳು.

"ಏನಿಲ್ಲ ಸಾರ್. ಎರಡನ್ನೂ ಒಂದೇ ಕಡೆ ಕೂರಿಸಿಬಿಟ್ವಿ."